ಐದು ಸಭೆಗೂ ಬಾರದ ಕೋರಂ ಸಾಹೇಬರಿಗೆ

ಕಂಪ್ಲಿ,
ಈಶ್ವರ ಸಂವತ್ಸರ, ಫಾಲ್ಗುಣ ಮಾಸ

ಮಹಾರಾಜಶ್ರೀ ಕೋರಂ ಸಾಹೇಬರ ಸನ್ನಿಧಾನಕ್ಕೆ,
ಎಲ್ಲಿದ್ದೀರೋ ಅಲ್ಲಿಗೆ.

ಮಾನ್ಯರೇ,

ಕಂಪ್ಲಿಯ ಹೊಳೆಸಾಲು ಬೆಲ್ಲದ ಸಹಕಾರ ಸೊಸೈಟಿಯ ಮೂವತ್ತನಾಲ್ಕನೇ ನಂಬರಿನ ಷೇರುದಾರನೂ, ಹಿಂದೊಮ್ಮೆ ಹೊಸಪೇಟೆಯ ಕಚೇರಿ ಮುಂದಿನ ಹುಣಸೆಮರದ ಬುಡದಲ್ಲಿ ಕೂತು ಕಂಡವರ ಕಷ್ಟಗಳಿಗೆಲ್ಲ ಅರ್ಜಿ ಬರೆದುಕೊಟ್ಟು ಈಗ ಎರಡೆಕರೆ ಕಬ್ಬು ಮಾಡಿಕೊಂಡಿರುವವನೂ ಆದ ಜಡೆಪ್ಪನೆಂಬ ನಾನು, ತಮ್ಮ ಪಾದಗಳು ಯಾವ ದಿಕ್ಕಿನಲ್ಲಿವೆಯೆಂದು ತಿಳಿಯದೆ ನಾಲ್ಕೂ ದಿಕ್ಕಿಗೆ ತಿರುಗಿ ಒಂದೊಂದು ಶರಣು ಮಾಡಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ದಯೆಯಿಂದ ನಾವೆಲ್ಲ ಇಲ್ಲಿ ಕ್ಷೇಮ. ತಿಂಗಳಿಗೊಂದು ದಿನ ಹೊಸಪೇಟೆಯ ದಾರಿಯನ್ನೇ ನೋಡಿ ನೋಡಿ ಎಲ್ಲರ ಕುತ್ತಿಗೆಯೂ ಆ ಕಡೆಗೆ ಸ್ವಲ್ಪ ವಾಲಿದೆ, ಅಷ್ಟೇ.

ತಮ್ಮ ವಿಳಾಸ ಸಿಗದ ಕಾರಣ ಈ ಪತ್ರವನ್ನು ಅಂಚೆಗೆ ಹಾಕುವ ಹಾಗಿಲ್ಲ. ಅಂಚೆಯವನನ್ನು ಕೇಳಿದರೆ "ಕೋರಂ ಅನ್ನಾಂವ ಈ ಸುತ್ತ ಹತ್ತು ಹಳ್ಳ್ಯಾಗ ಯಾರೂ ಇಲ್ರೀ" ಎಂದು ಕೈ ಅಲ್ಲಾಡಿಸಿಬಿಟ್ಟ. ಆದ್ದರಿಂದ ಇದನ್ನು ಹೊಸಪೇಟೆಯ ಮೋಟಾರು ಬಂದು ನಿಲ್ಲುವ ಬೇವಿನ ಮರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದೇನೆ. ತಾವು ಎಂದಾದರೂ ಮನಸ್ಸು ಮಾಡಿ ಬಂದಿಳಿದರೆ ಮೊದಲು ಕಣ್ಣಿಗೆ ಬೀಳುವುದು ಈ ಮರವೇ. ತಾವು ಇಳಿಯದಿದ್ದರೂ ಇಳಿದವರು ಓದಿಕೊಳ್ಳಲಿ ಎಂದು ಇದನ್ನು ಬಹಿರಂಗ ಪತ್ರ ಮಾಡಿದ್ದೇನೆ.

ಓದುವವರು ಪರವೂರಿನವರಾದರೆ ಅವರಿಗಾಗಿ ನಾಲ್ಕು ಮಾತು ಹೇಳಲೇಬೇಕು. ನಮ್ಮ ಸೊಸೈಟಿಯ ಸರ್ವಸ್ವವೆಂದರೆ ಕಬ್ಬು ಅರೆಯುವ ಒಂದು ಕಬ್ಬಿಣದ ಗಾಣ, ಕಬ್ಬಿನ ಹಾಲು ಕಾಯಿಸುವ ಒಂದು ಕೊಪ್ಪರಿಗೆ ಮತ್ತು ಒಂದು ನಡಾವಳಿ ಪುಸ್ತಕ. ಕಬ್ಬಿಣದ ಗಾಣ ಬಂದ ವರ್ಷ ಅದಕ್ಕೆ ಹೂವು ಏರಿಸಿ, ಕಾಯಿ ಒಡೆದು, ನಮ್ಮ ನಮ್ಮ ಹಿರಿಯರು ಬಿಟ್ಟುಹೋಗಿದ್ದ ಮರದ ಗಾಣಗಳನ್ನು ಸೀಳಿ ಒಲೆಗೆ ಹಾಕಿದೆವು. ಒಬ್ಬನಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬನು, ಇದೇ ಸಹಕಾರ ಎಂದು ಬಳ್ಳಾರಿಯಿಂದ ಬಂದಿದ್ದ ಅಧಿಕಾರಿಗಳು ಭಾಷಣ ಮಾಡಿದರು, ನಾವು ಚಪ್ಪಾಳೆ ತಟ್ಟಿದೆವು. ಅರವತ್ತೆರಡು ಜನ ಸದಸ್ಯರು ಪಾಳಿಯ ಪ್ರಕಾರ ಗಾಣ ಉಪಯೋಗಿಸಬೇಕು, ಸದಸ್ಯನಲ್ಲದವನ ಕಬ್ಬಿಗೆ ಗಾಣದಲ್ಲಿ ಜಾಗವಿಲ್ಲ, ತನ್ನ ಪಾಳಿಯಲ್ಲಿ ಇನ್ನೊಬ್ಬರ ಕಬ್ಬು ತಂದು ಅರೆದವನಿಗೆ ಮುಂದಿನ ವರ್ಷದ ಪಾಳಿ ತಪ್ಪುತ್ತದೆ ಎಂದು ನಿಯಮ ಓದಿದರು. ಅದಕ್ಕೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯ ವಿಷಯದಲ್ಲಿ ನಮ್ಮೂರಿನವರು ಕೈ ಬಿಗಿ ಹಿಡಿದವರಲ್ಲ.

ಹತ್ತೊಂಬತ್ತನೇ ನಂಬರಿನ ಷೇರುದಾರ ಮೂಕಪ್ಪ ಹೋದ ಶ್ರಾವಣದಲ್ಲಿ, ಹೊಳೆ ಎರಡೂ ದಂಡೆ ತುಂಬಿ ಹರಿಯುವಾಗ, ನಾಲ್ಕೇ ದಿನದ ಜ್ವರದಲ್ಲಿ ತೀರಿಕೊಂಡ. ಮಣ್ಣಿಗೆ ಅರ್ಧ ಊರು ಹೋಗಿತ್ತು. ಸೊಸೈಟಿಯ ಅಧ್ಯಕ್ಷರೂ ಅಕ್ಕಿ ಗಿರಣಿಯ ಮಾಲೀಕರೂ ಆದ ವಿರೂಪಾಕ್ಷಪ್ಪನವರು ಕೂಡ ಚಪ್ಪಲಿ ಬಿಟ್ಟು ಗುಂಡಿಯ ಹತ್ತಿರ ಬಂದು ತಮ್ಮ ಕೈಯಾರೆ ಒಂದು ಹಿಡಿ ಮಣ್ಣು ಹಾಕಿದ್ದರು. ಮೂಕಪ್ಪನಿಗೆ ಇದ್ದುದು ಹೆಂಡತಿ ಭೀಮಮ್ಮ ಮತ್ತು ಕಾಲುವೆಯ ತೂಬಿಗೆ ಹತ್ತಿಕೊಂಡ ಒಂದೂವರೆ ಎಕರೆ ಕಬ್ಬು. ಮಕ್ಕಳಿಲ್ಲ. ಗಂಡನ ಷೇರು ತನ್ನ ಹೆಸರಿಗೆ ಆದರೆ ಗಂಡನ ಪಾಳಿ ತನಗೆ ಬರುತ್ತದೆ, ಅವನು ನೆಟ್ಟ ಕಬ್ಬು ಬೆಲ್ಲವಾಗುತ್ತದೆ, ಆಗದಿದ್ದರೆ ಹೊಲದಲ್ಲೇ ಒಣಗುತ್ತದೆ. ಅವಳ ಪರವಾಗಿ ಅರ್ಜಿ ಬರೆದವನು ನಾನೇ. ನನ್ನ ಅರ್ಜಿಗಳು ಓದಿದವರ ಕಣ್ಣಲ್ಲಿ ನೀರು ತರಿಸುತ್ತವೆಂದು ಹೆಸರುಂಟು. ಆದರೆ ಹೆಸರು ಬದಲಾಯಿಸುವ ಅಧಿಕಾರ ಮಹಾಸಭೆಗೆ ಮಾತ್ರ ಇರುವುದರಿಂದ ಅರ್ಜಿಯನ್ನು ಸಭೆಯ ಮುಂದೆ ಇಡಬೇಕಾಯಿತು.

ತೂಬಿನ ಆ ಕಡೆಯ ಹೊಲ ವಿರೂಪಾಕ್ಷಪ್ಪನವರದು ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ, ಅಷ್ಟೇ, ಅದರಿಂದ ತಾವು ಯಾವ ಅರ್ಥವನ್ನೂ ಮಾಡಬೇಕಾಗಿಲ್ಲ. ಮಣ್ಣು ಹಾಕಿದ ಹನ್ನೆರಡನೇ ದಿನಕ್ಕೆ ಅವರು ಭೀಮಮ್ಮನ ಬಾಗಿಲಿಗೆ ಬಂದು "ಹೆಣ್ಮಗಳು ನೀನು, ಗಾಣದ ಗೊಡವಿ ನಿನಗ್ಯಾಕವ್ವಾ? ನಿಂತ ಕಬ್ಬು, ಹೊಲ ಎರಡೂ ನನಗ ಬಿಡು, ಸಾಯೂತನಕ ಉಣ್ಣಾಕ ಕಾಳು ನಾ ಕೊಡ್ತೀನಿ" ಎಂದು ತಂದೆಯ ಹಾಗೆ ಬುದ್ಧಿ ಹೇಳಿದರು. ಭೀಮಮ್ಮ "ನನ ಗಂಡ ಹಚ್ಚಿದ ಕಬ್ರೀ ಅದು, ಬೆಲ್ಲ ಆಗೂತನಕ ನಾ ಯಾರಿಗೂ ಬಿಡಾಂಗಿಲ್ಲ" ಎಂದಳು. ಹೆಂಗಸರಿಗೆ ಒಳ್ಳೆಯ ಮಾತು ಹಿಡಿಸುವುದು ಕಷ್ಟ, ನೋಡಿ.

ಇಲ್ಲಿಗೆ ಪೀಠಿಕೆ ಮುಗಿಯಿತು. ಇನ್ನು ತಮ್ಮ ವಿಷಯ.

ಭಾದ್ರಪದದಲ್ಲಿ ಸಭೆ ಕರೆದರು. ಸಭೆ ನಡೆಯುವುದು ವಿರೂಪಾಕ್ಷಪ್ಪನವರ ಗಿರಣಿಯ ಪಡಸಾಲೆಯಲ್ಲಿ. ಸಾವ್ಕಾರರ ಪಡಸಾಲೆಗೆ ಕರೆಯದೆ ಒಳಗೆ ಹೋಗುವ ರೂಢಿ ನಮ್ಮಲ್ಲಿಲ್ಲ, ಹೊರಗಿನ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತೇವೆ, ಹಿಂದಿನ ಕಾರ್ಯದರ್ಶಿ "ಬರ್ರಪಾ ಒಳಗ" ಎಂದು ಕೂಗಿದ ಮೇಲೆ ಎದ್ದು ಹೋಗುತ್ತಿದ್ದೆವು. ಈಗಿನ ಕಾರ್ಯದರ್ಶಿ ಕೊಟ್ರಯ್ಯನವರು ಹಾಗೆಲ್ಲ ಕೂಗುವವರಲ್ಲ. ಹೊಸಪೇಟೆಯಲ್ಲಿ ಇಂಗ್ಲಿಷ್ ಮೂರನೇ ಫಾರಂವರೆಗೆ ಓದಿ, ಓದಿದ್ದನ್ನು ಹೊಟ್ಟೆಗೆ ಇಳಿಸದೆ ಇನ್ನೂ ಬಾಯಲ್ಲೇ ಇಟ್ಟುಕೊಂಡವರು. ಅವರು ಹೊಸ್ತಿಲ ಮೇಲೆ ನಿಂತು, ಒಳಗೆ ಕೂತಿದ್ದ ಕಮಿಟಿಯ ಐದು ಜನರನ್ನು ನೋಡಿ, ಹೊರಗೆ ಕೂತಿದ್ದ ನಮ್ಮನ್ನು ನೋಡದೆ, "ಕೋರಂ ಇಲ್ಲ. ಕೋರಂ ಬರದ ಹೊರತು ಸಭೆ ಶುರು ಮಾಡಾಕ ಬರಂಗಿಲ್ಲ, ಕಾನೂನದು" ಎಂದರು. ಯಾರೋ ಹೊಸ ಅಧಿಕಾರಿ ಬರಬೇಕಾಗಿದೆ ಎಂದು ನಾವು ತಿಳಿದೆವು. ನಾನೇ ಎದ್ದು ನಿಂತು, ಅರ್ಜಿ ಬರೆದವನ ಗತ್ತಿನಲ್ಲಿ, ಅವರು ಯಾವ ಕಡೆಯಿಂದ ಬರುತ್ತಾರೆಂದು ಕೇಳಿದೆ. ಕೊಟ್ರಯ್ಯನವರು ಒಂದು ಗಳಿಗೆ ನನ್ನ ಮುಖ ನೋಡಿದರು. ಒಳಗಿನಿಂದ ವಿರೂಪಾಕ್ಷಪ್ಪನವರು ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮಲ್ಲ, ನಗೆ ಎಂದು ನನಗೆ ತಿಳಿಯುವುದಕ್ಕೆ ಐದು ತಿಂಗಳು ಹಿಡಿಯಿತು.

ಆಶ್ವಯುಜದ ಸಭೆಯ ಹೊತ್ತಿಗೆ ತಮ್ಮ ಕೀರ್ತಿ ಊರೆಲ್ಲ ಹಬ್ಬಿತ್ತು. ತಾವು ಬರದೆ ಯಾವ ಸಭೆಯೂ ನಡೆಯುವುದಿಲ್ಲವೆಂದ ಮೇಲೆ ತಾವು ಕಲೆಕ್ಟರರಿಗಿಂತ ಮೇಲಿನವರೇ ಇರಬೇಕು, ಆದ್ದರಿಂದ ಇಂಗ್ಲಿಷ್ ದೊರೆಗಳೇ ಇರಬೇಕು ಎಂದು ನಾನು ತೀರ್ಪು ಕೊಟ್ಟೆ. ಕೆಲವರು ಒಪ್ಪಲಿಲ್ಲ. ಹೆಸರು ನೋಡಿದರೆ ಸಾಬರ ಹಾಗಿದೆ, ನಿಜಾಮರ ಸೀಮೆಯಿಂದ ಹೊಳೆ ದಾಟಿ ಬರುವವರೇ ಸೈ ಎಂದು ವಾದಿಸಿ ಇಬ್ಬರು ಹರಗೋಲು ಕಟ್ಟುವ ಹೊಳೆದಂಡೆಗೇ ಹೋಗಿ ಕೂತರು. ಮದರಾಸಿನ ಅಯ್ಯರ್ ಒಬ್ಬರಿರಬೇಕೆಂದು ಇನ್ನೊಂದು ಪಕ್ಷ ಕಾಫಿ ಪುಡಿ ತರಿಸಿತು. ಹೆಂಡತಿಯ ತವರು ಗುತ್ತಿ ಸೀಮೆಯಲ್ಲಿರುವ ಕಾರಣ ತೆಲುಗು ಬಲ್ಲ ಮೈಲಾರಲಿಂಗಪ್ಪ ಮಾತ್ರ ಎಲೆ ಉಗುಳಿ, "ತೆಲುಗಿನಾಗ ಕೋರಂ ಅಂದ್ರ 'ನಮಗ ಬ್ಯಾಡ' ಅಂತ ಅರ್ಥ ಐತ್ರಪಾ, ಇದರಾಗ ಏನೋ ಐತಿ" ಎಂದ. ದೊಡ್ಡವರ ಹೆಸರಿಗೆ ಹೀಗೆಲ್ಲ ಅರ್ಥ ಹಚ್ಚಬಾರದೆಂದು ಎಲ್ಲರೂ ಸೇರಿ ಅವನ ಬಾಯಿ ಮುಚ್ಚಿಸಿದೆವು. ಈಗ ಯೋಚಿಸಿದರೆ ಅಷ್ಟೂ ಜನರಲ್ಲಿ ತಮ್ಮ ಹತ್ತಿರಕ್ಕೆ ಹೋಗಿದ್ದವನು ಅವನೊಬ್ಬನೇ.

ಅಂದಿನಿಂದ ಸಭೆಯ ದಿನ ಬಂತೆಂದರೆ ಇಪ್ಪತ್ತೈದು ಮೂವತ್ತು ಜನ ಒಗೆದ ಧೋತ್ರ ಉಟ್ಟು ಈ ಬೇವಿನ ಮರದ ಕೆಳಗೆ ನಿಲ್ಲುವುದು, ಮೋಟಾರು ಬಂದು ಧೂಳೆಬ್ಬಿಸಿ ಹೋದ ಮೇಲೆ ಬಾಡಿದ ಸೇವಂತಿಗೆ ಹಾರ ಹಿಡಿದು ಗಿರಣಿಗೆ ಹಿಂತಿರುಗುವುದು, ಕೊಟ್ರಯ್ಯನವರು ಹೊಸ್ತಿಲ ಮೇಲೆ ನಿಂತು "ಕೋರಂ ಇಲ್ಲ, ಸಭೆ ಮುಂದಿನ ತಿಂಗಳಿಗೆ" ಎನ್ನುವುದು, ಇದು ಹಬ್ಬದ ಹಾಗೆ ರೂಢಿಯಾಗಿ ಹೋಯಿತು. ಒಂದು ತಿಂಗಳ ಸಭೆಯ ದಿನ ನಾವು ಬೇಸತ್ತು ಕಟ್ಟೆಯ ಮೇಲೇ ಕೂತಿದ್ದೆವು. ಆಗ ಅಧ್ಯಕ್ಷರೇ ಹೊರಗೆ ಬಂದು, "ಹೋಗ್ರಪಾ, ಮೋಟಾರ ಹಂತೇಕ ನಿಂದರ್ರಿ. ಅಷ್ಟು ದೊಡ್ಡ ಮನಷ್ಯಾ ಬಂದು ಒಬ್ಬರೂ ಇಲ್ಲಂದ್ರ ಕಂಪ್ಲಿ ಮರ್ಯಾದಿ ಏನಾಕ್ಕೈತಿ?" ಎಂದು ನಮ್ಮನ್ನು ಎಬ್ಬಿಸಿ ಕಳಿಸಿದರು. ಕಂಪ್ಲಿಯ ಮರ್ಯಾದೆ ಎಂದ ಮೇಲೆ ನಾವು ಹೋಗದಿರುತ್ತೇವೆಯೇ? ಓಡಿದೆವು. ನಾನಂತೂ ತಮ್ಮ ಗುಣಗಾನ ಮಾಡುವ ಎರಡು ಪುಟದ ಬಿನ್ನವತ್ತಳೆಯನ್ನು ಬರೆದು ಅಂಚಿಗೆ ಬಣ್ಣದ ಬಳ್ಳಿ ಬಿಡಿಸಿ ಸಿದ್ಧ ಮಾಡಿಟ್ಟುಕೊಂಡಿದ್ದೆ. ನನ್ನ ಹೆಂಡತಿ ಹಂಪಮ್ಮ, "ನಿಮ್ಮ ಕೋರಪ್ಪ ಬರೂದ್ರಾಗ ನನಗ ಮೊಮ್ಮಕ್ಕಳು ಆಕ್ಕಾವ, ಆ ಹಾರ ನನಗರ ಹಾಕ್ರಿ" ಎಂದು ತಿಂಗಳಿಗೊಮ್ಮೆ ಹಂಗಿಸಿದಳು.

ಹಾಗೆಂದು ತಮ್ಮ ಮೇಲೆ ನಮಗೆ ಭಕ್ತಿ ಕಡಿಮೆಯಾಯಿತೆಂದು ತಿಳಿಯಬಾರದು. ನಾವು ಕಂಡ ಅಧಿಕಾರಿಗಳಲ್ಲೆಲ್ಲ ತಾವೇ ಶ್ರೇಷ್ಠರು. ಬೇರೆಯವರು ಬಂದರೆ ಹುಂಜ ಕೇಳುತ್ತಾರೆ, ಹುಲ್ಲು ಕೇಳುತ್ತಾರೆ, ಮಲಗಲು ಮಂಚ ಕೇಳುತ್ತಾರೆ. ತಾವು ಬರದೆ ಇದ್ದೇ ಇಡೀ ಸೊಸೈಟಿಯನ್ನು ನಡೆಸಿದಿರಿ, ಯಾರ ಮನೆಯ ಒಂದು ಲೋಟ ಮಜ್ಜಿಗೆಯನ್ನೂ ಮುಟ್ಟಲಿಲ್ಲ. ಇಂಥ ನಿಸ್ಪೃಹರು ಇನ್ನೊಬ್ಬರಿದ್ದರೆ ನಮ್ಮ ಸಂಸ್ಥೆ ಎಂದೋ ಉದ್ಧಾರವಾಗಿ ಬಿಡುತ್ತಿತ್ತು.

ಕಬ್ಬಿಗೆ ಮಾತ್ರ ಈ ಭಕ್ತಿಯೆಲ್ಲ ತಿಳಿಯುವುದಿಲ್ಲ. ಮಾರ್ಗಶಿರ ಕಳೆದು ಪುಷ್ಯ ಬರುವ ಹೊತ್ತಿಗೆ ಭೀಮಮ್ಮನ ಹೊಲದಲ್ಲಿ ಕಬ್ಬು ಸೂಲಂಗಿ ಬಿಟ್ಟಿತು. ತುದಿಯಲ್ಲಿ ಬೆಳ್ಳಗೆ ಹೂವು ಬಂತೆಂದರೆ ದೂರದಿಂದ ನೋಡಲು ಚೆಂದ, ಬೆಳೆದವರ ಎದೆ ಮಾತ್ರ ಧಸಕ್ಕೆನ್ನುತ್ತದೆ, ಏಕೆಂದರೆ ಆಮೇಲೆ ಜಲ್ಲೆ ಬೆಂಡಾಗುತ್ತಾ ಹೋಗುತ್ತದೆ, ಹಾಲು ಬತ್ತುತ್ತದೆ, ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ. ಗಾಣವನ್ನು ಅಷ್ಟರಲ್ಲಿ "ಮಂಜಿಗೆ ತುಕ್ಕು ಹಿಡಿತೈತಿ, ನೆರಳಾಗ ಇರ್ಲಿ" ಎಂದು ಅಧ್ಯಕ್ಷರ ಹೊಲದ ಚಪ್ಪರಕ್ಕೆ ಸಾಗಿಸಿದ್ದರು. ಅವರ ಕಬ್ಬು ಮೊದಲು ನುಗ್ಗಿತು, ಉಳಿದ ಪಾಳಿಗಳು ಹಿಂದಾದವು. ಭೀಮಮ್ಮ ತನ್ನ ಬದುವಿನ ಮೇಲೆ ನಿಂತರೆ ಗಾಣ ತಿರುಗುವುದು ಕಾಣುತ್ತಿತ್ತು, ಕುದಿಯುವ ಬೆಲ್ಲದ ವಾಸನೆ ಬರುತ್ತಿತ್ತು. ಪುಷ್ಯದ ಕೊನೆಗೆ ನನ್ನ ಪಾಳಿ ಬಂದಾಗ ಅವಳು ನನ್ನ ಮನೆಗೆ ಬಂದು, "ಜಡೆಪ್ಪಣ್ಣಾ, ನಿನ್ನ ಕಬ್ಬಿನ ಕೂಡ ನನ್ನವು ನಾಕು ಬಂಡಿ ಹಾಕ್ಕೋ, ನಿನ್ನ ಕಾಲು ಹಿಡಿತೀನಿ" ಎಂದಳು. ನಾನು ಅವಳಿಗೆ ನಿಯಮ ಓದಿ ಹೇಳಿದೆ. ಮಾನ್ಯರೇ, ಇಷ್ಟು ಹೊತ್ತು ಎಲ್ಲರನ್ನೂ ಕುಟುಕುತ್ತಾ ಬಂದಿದ್ದೇನೆ, ಇದೊಂದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಮುಂದಿನ ವರ್ಷದ ನನ್ನ ಪಾಳಿ ತಪ್ಪೀತೆಂದು ಹೆದರಿದೆ. ಅವಳು ಸೆರಗು ಸರಿಮಾಡಿಕೊಂಡು ಹೊಲದ ದಾರಿ ಹಿಡಿದಳು.

ಮಾಘದಲ್ಲಿ ಆರನೇ ಸಭೆ. ಇಪ್ಪತ್ತಾರು ಜನ ಬೇವಿನ ಮರದ ಕೆಳಗೆ ನಿಂತಿದ್ದೆವು. ಮೋಟಾರು ಬಂತು, ಟೋಪಿ ಹಾಕಿ ಚರ್ಮದ ಚೀಲ ಹಿಡಿದ ಒಬ್ಬರು ಇಳಿದರು. ಆಹಾ, ಐದು ತಿಂಗಳ ತಪಸ್ಸು ಫಲಿಸಿತೆಂದು ನಾವು ಅವರಿಗೆ ಉಸಿರಾಡಲು ಬಿಡದೆ ಹಾರ ಹಾಕಿ, ತಾಸೆ ಬಾರಿಸಿ, ಮೋಟಾರಿನ ಮೆಟ್ಟಿಲ ಮೇಲೇ ನಿಲ್ಲಿಸಿದೆವು. ನಾನು ಗಂಟಲು ಸರಿಮಾಡಿಕೊಂಡು "ಸಕಲ ಸಭಾಪ್ರಾಣರೂ ಅನುಪಸ್ಥಿತಿಯಿಂದಲೇ ಆಡಳಿತ ನಡೆಸುವ ಮಹಾಮಹಿಮರೂ ಆದ ಶ್ರೀಮಾನ್ ಕೋರಂ ಸಾಹೇಬರಿಗೆ" ಎಂದು ಬಿನ್ನವತ್ತಳೆ ಓದತೊಡಗಿದೆ. ಅವರು ಸಹಕಾರ ಇಲಾಖೆಯ ಹೊಸ ಇನ್‌ಸ್ಪೆಕ್ಟರು, ಮಂಗಳೂರು ಕಡೆಯವರು, ಪುಸ್ತಕದಲ್ಲಿದ್ದಂತೆ ಮಾತನಾಡುವವರು. ಮೊದಲು ಸಿಟ್ಟಾದರು, ಆಮೇಲೆ ಅರ್ಥವಾಗಿ ಮೋಟಾರಿನ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ನಗುತ್ತಾ ನಗುತ್ತಾ ಇದು ಎಷ್ಟು ಸಲ ಆಯಿತೆಂದು ಕೇಳಿದರು. ಐದು ಸಲ ಎಂದೆವು. ಅವರ ನಗೆ ನಿಂತುಹೋಯಿತು. ನಮ್ಮನ್ನು ಬೆರಳಿಟ್ಟು ಎಣಿಸಿ, "ಕೋರಂ ಎಂದರೆ ಮನುಷ್ಯನಲ್ಲ ಮಾರಾಯ್ರೆ! ಸಭೆ ನಡೆಸುವುದಕ್ಕೆ ಇಷ್ಟು ಜನ ಇರಬೇಕೆಂಬ ಲೆಕ್ಕ. ನಿಮ್ಮ ಸೊಸೈಟಿಗೆ ಇಪ್ಪತ್ತೊಂದು ಸಾಕು. ಕೋರಂ ಎಂದರೆ ನೀವೇ. ನಡೆಯಿರಿ ಒಳಗೆ!" ಎಂದರು.

ಶಿವ ಶಿವಾ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯನ್ನು ನಮಗಿಂತ ಚೆನ್ನಾಗಿ ಯಾರೂ ನಡೆಸಿ ತೋರಿಸಿಲ್ಲ. ತಾವು ಎಲ್ಲಿದ್ದೀರೆಂದು ನೋಡಲು ನಾವು ಹೊರಗೆ ಹೋದೆವು, ನಾವು ಹೊರಗೆ ಹೋದ ಕಾರಣ ತಾವು ಒಳಗೆ ಇಲ್ಲದಾದಿರಿ. ಮೈಲಾರಲಿಂಗಪ್ಪ ಮಾತ್ರ ನಗಲಿಲ್ಲ. ಅವನು ಹಾರದಿಂದ ಒಂದು ಹೂ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡು, "ನಡ್ರಿ, ಸಾಹೇಬ್ರು ಬರಾಕತ್ತಾರ ಅಂತ ಸಾವ್ಕಾರ್ರಿಗೆ ಹೇಳೂಣು" ಎಂದು ಮುಂದೆ ನಡೆದ.

ಆ ದಿನ ಜೀವಮಾನದಲ್ಲೇ ಮೊದಲ ಸಲ ನಾವು ಕರೆಯದೆ ಪಡಸಾಲೆಯೊಳಗೆ ಹೋದೆವು. ಕೂರಲು ಜಾಗ ಸಾಲದೆ ಭತ್ತದ ಚೀಲಗಳ ಮೇಲೆ ಕೂತೆವು. ಇನ್‌ಸ್ಪೆಕ್ಟರರು ನಡಾವಳಿ ಪುಸ್ತಕ ತರಿಸಿ ತ್ವರಿತವಾಗಿ ಹಾಳೆ ತಿರುವಿದರು, ಒಂದು ಕಡೆ ನಿಂತರು, ಗಟ್ಟಿಯಾಗಿ ಓದಿದರು. ಕಾರ್ತಿಕ ಮಾಸದ ಮಹಾಸಭೆಗೆ ಇಪ್ಪತ್ತೊಂದು ಜನ ಹಾಜರಾಗಿ ಕೋರಂ ಪೂರ್ಣವಾಗಿತ್ತಂತೆ! ವಿರೂಪಾಕ್ಷಪ್ಪನವರನ್ನು ಇನ್ನೂ ಮೂರು ವರ್ಷಕ್ಕೆ ಅಧ್ಯಕ್ಷರನ್ನಾಗಿ ಆರಿಸಲಾಯಿತಂತೆ, ಗಾಣವನ್ನು ಅವರ ಹೊಲಕ್ಕೆ ಸಾಗಿಸಲು ಒಪ್ಪಲಾಯಿತಂತೆ, ಆ ಠರಾವನ್ನು ಶ್ರೀ ಜಡೆಪ್ಪನವರು ಸಂತೋಷದಿಂದ ಅನುಮೋದಿಸಿದರಂತೆ. ಮಾನ್ಯರೇ, ಅದೇ ದಿನ ಅದೇ ಹೊತ್ತಿನಲ್ಲಿ ನಾನು ಬೇವಿನ ಮರದ ಕೆಳಗೆ ಬಿಸಿಲಲ್ಲಿ ನಿಂತು ತಮಗಾಗಿ ಹಾರ ಹಿಡಿದಿದ್ದೆ. ಎರಡು ಕಡೆ ಒಟ್ಟಿಗೆ ಇರುವ ಶಕ್ತಿ ನನಗಿದೆಯೆಂದು ನನಗೇ ಗೊತ್ತಿರಲಿಲ್ಲ, ಅದನ್ನು ಕರುಣಿಸಿದ ಕೊಟ್ರಯ್ಯನವರಿಗೆ ನಾನು ಋಣಿ. ಅದಕ್ಕಿಂತ ಹೆಚ್ಚಾಗಿ ಸಂತೋಷದಿಂದ ಎಂಬ ಮಾತನ್ನು ಸೇರಿಸಿದ್ದಕ್ಕೆ.

ಇನ್‌ಸ್ಪೆಕ್ಟರರು ಹಾಜರಿದ್ದವರ ಹೆಸರು ಓದುತ್ತಾ ಹೋದರು. ಪ್ರತಿಯೊಬ್ಬನೂ ತನ್ನ ಹೆಸರು ಬಂದಾಗ ಪಕ್ಕದವನ ಮುಖ ನೋಡಿದ. ಹದಿನಾರನೆಯದಾಗಿ ಬಂದ ಹೆಸರು ಷೇರು ನಂಬರು ಹತ್ತೊಂಬತ್ತು, ಮೂಕಪ್ಪ, ಎಡಗೈ ಹೆಬ್ಬೆಟ್ಟು. ಶ್ರಾವಣದಲ್ಲಿ ಮಣ್ಣಾದವನು ಕಾರ್ತಿಕದಲ್ಲಿ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದ.

ಭೀಮಮ್ಮ ಬಾಗಿಲ ಆಚೆ ನಿಂತಿದ್ದಳು. ಆರೂ ಸಭೆಗೆ ಅರ್ಜಿ ಹಿಡಿದು ಅಲ್ಲೇ ನಿಂತವಳು ಅವಳು, ನಾವು ಯಾರೂ ಅವಳನ್ನು ಕೂರು ಎಂದವರಲ್ಲ. ಅವಳು ಹೊಸ್ತಿಲು ದಾಟಿ ಬಂದು ಆ ಪುಸ್ತಕದ ಹಾಳೆಯನ್ನು, ಆ ನೀಲಿ ಗುರುತನ್ನು, ಬಹಳ ಹೊತ್ತು ನೋಡಿದಳು. ಆಮೇಲೆ ವಿರೂಪಾಕ್ಷಪ್ಪನವರ ಕಡೆ ತಿರುಗಿ, ಕೂಗದೆ, ನೆರೆಮನೆಯವರನ್ನು ವಿಚಾರಿಸುವಂತೆ ಕೇಳಿದಳು: "ಕಾರ್ತಿಕದಾಗ ಬಂದಿದ್ದನೇನ್ರಿ ನನ ಗಂಡ? ಸೊಸೈಟೀಗೆ ಬಂದಾಂವ ಮನೀಗ್ಯಾಕ ಬರಲಿಲ್ರೀ?"

ಮೂವತ್ತು ವರ್ಷದಿಂದ ಮಾತು ಪೋಣಿಸುತ್ತಾ ಬಂದವನು ನಾನು. ಅಂಥ ಒಂದು ಸಾಲನ್ನು ನಾನು ಎಂದೂ ಬರೆದಿಲ್ಲ. ಭತ್ತದ ಚೀಲದ ಮೇಲೆ ಕೂತಿದ್ದ ಹಲವರು ವಲ್ಲಿಯಿಂದ ಮುಖ ಒರೆಸಿಕೊಂಡರು. ಕೊಟ್ರಯ್ಯನವರು ಮೂರನೇ ಫಾರಂನಲ್ಲಿ ಇದಕ್ಕೆ ಉತ್ತರವಿದೆಯೇ ಎಂದು ಹುಡುಕುವವರಂತೆ ಜಂತೆ ನೋಡುತ್ತಿದ್ದರು.

ಭೀಮಮ್ಮ ಅಲ್ಲಿಗೆ ನಿಲ್ಲಿಸಲಿಲ್ಲ. "ಸತ್ತಾನ ಅಂದ್ರ ಷೇರು ನನಗ ಕೊಡ್ರಿ. ಬದುಕ್ಯಾನ ಅಂದ್ರ ಅವನ ಪಾಳಿ ಅವನಿಗೆ ಕೊಡ್ರಿ. ಎರಡರಾಗ ಒಂದು ಬರೀರಿ, ನನ್ನ ಕಬ್ಬು ಒಣಗಾಕತ್ತೈತಿ" ಎಂದಳು. ಇನ್‌ಸ್ಪೆಕ್ಟರರು ಲೇಖನಿಯನ್ನು ಅಧ್ಯಕ್ಷರ ಮುಂದೆ ಇಟ್ಟರು. ಸತ್ತಿದ್ದಾನೆಂದು ಬರೆದರೆ ಕಾರ್ತಿಕದ ನಡಾವಳಿ ಸುಳ್ಳಾಗುತ್ತದೆ, ಅದರ ಜೊತೆಗೆ ಮೂರು ವರ್ಷದ ಅಧ್ಯಕ್ಷತೆಯೂ ಹೋಗುತ್ತದೆ, ಸುಳ್ಳು ಹೆಬ್ಬೆಟ್ಟು ಒತ್ತಿದವರು ಯಾರೆಂದು ಹುಡುಕಲು ಪೊಲೀಸರೂ ಬರುತ್ತಾರೆ. ವಿರೂಪಾಕ್ಷಪ್ಪನವರು ಶೈವ ಮನೆತನದ ಧರ್ಮಿಷ್ಠರು, ಒಂದು ಜೀವ ತೆಗೆಯುವುದಕ್ಕೆ ಅವರ ಕೈ ಬರಲಿಲ್ಲ. ಬೆವರೊರೆಸಿಕೊಂಡು, "ಸದಸ್ಯರಾದ ಶ್ರೀ ಮೂಕಪ್ಪನವರು ಮೊದಲಿನಂತೆಯೇ ಸದಸ್ಯರಾಗಿ ಮುಂದುವರಿದಿರುವುದರಿಂದ ಅವರ ಪಾಳಿಯನ್ನು ಕೂಡಲೇ ಅವರಿಗೆ ಕೊಡತಕ್ಕದ್ದು" ಎಂದು ಠರಾವು ಬರೆಸಿದರು. ನಾನು ಅದನ್ನು ಅನುಮೋದಿಸಿದೆ. ಸಂತೋಷದಿಂದ. "ಬಳ್ಳಾರಿಗೆ ಬರೆದು ವಿಚಾರಣೆ ಮಾಡಿಸುತ್ತೇನೆ, ಅದಕ್ಕೆ ತಿಂಗಳುಗಳು ಬೇಕು, ಕಬ್ಬು ಕಾಯುವುದಿಲ್ಲ, ಅರೆಯಿರಿ ಮೊದಲು" ಎಂದು ಇನ್‌ಸ್ಪೆಕ್ಟರರು ನನ್ನ ಕಿವಿಯಲ್ಲಿ ಹೇಳಿ ಸಂಜೆಯ ಮೋಟಾರಿಗೆ ಹೋದರು.

ಇಷ್ಟೆಲ್ಲ ಆದ ಮೇಲೂ ತಮ್ಮಲ್ಲಿ ಕೆಲವು ಬೇಡಿಕೆಗಳಿವೆ. ಸತ್ತವರನ್ನು ಎಬ್ಬಿಸಿ ಸಭೆಗೆ ಕರೆತರುವ ಶಕ್ತಿ ತಮಗಿರುವುದರಿಂದ, ನಮ್ಮ ಸೊಸೈಟಿಯನ್ನು ಕಟ್ಟಿದ ಹಿಂದಿನ ಹಿರಿಯರನ್ನೂ ಒಂದು ಸಲ ಕಳುಹಿಸಿಕೊಡಬೇಕು, ಅವರು ಕಟ್ಟಿದ್ದು ಈಗ ಯಾರ ಚಪ್ಪರದಲ್ಲಿದೆಯೆಂದು ಅವರೇ ನೋಡಲಿ. ಮುಂದಿನ ಸಭೆಗೆ ಬರುವಾಗ ತಾವು ಗುರುತಿಗಾಗಿ ಕೊರಳಿಗೆ ಒಂದು ಗಂಟೆ ಕಟ್ಟಿಕೊಂಡು ಬರಬೇಕು, ಇಲ್ಲವಾದರೆ ಕೊಟ್ರಯ್ಯನವರಿಗೆ ತಾವು ಕಟ್ಟೆಯ ಮೇಲೆ ಕೂತಿದ್ದರೆ ಕಾಣಿಸುವುದಿಲ್ಲ, ಅವರ ಕಣ್ಣಿಗೆ ಹೊಸ್ತಿಲಿನ ಒಳಗಷ್ಟೇ ದೃಷ್ಟಿ. ಇಂಗ್ಲಿಷ್ ಪದಗಳಿಗೆ ಇನ್ನು ಮುಂದೆ ಕೈಕಾಲು ಮೂಗು ಬಾಯಿ ಇಡಬಾರದೆಂದು ಮದರಾಸಿನ ಸರ್ಕಾರಕ್ಕೆ ತಾವೇ ಶಿಫಾರಸು ಮಾಡಬೇಕು. 'ಅಜೆಂಡಾ' ಎಂಬವಳು ಯಾರ ಮನೆಯ ಹೆಣ್ಣುಮಗಳೆಂದು ಹಂಪಮ್ಮ ಈಗಾಗಲೇ ಕೇಳತೊಡಗಿದ್ದಾಳೆ, ನಾನು ಮನೆಯಲ್ಲಿ ಇರುವುದು ಕಷ್ಟವಾಗಿದೆ.

ಕೊನೆಯದಾಗಿ ಮೂಕಪ್ಪನ ಪಾಳಿಯ ದಿನ ನಡೆದದ್ದನ್ನು ತಮಗೆ ತಿಳಿಸದಿದ್ದರೆ ಈ ಪತ್ರ ಮುಗಿಯುವುದಿಲ್ಲ. ನಾವು ಹತ್ತು ಜನ ಅವಳ ಕಬ್ಬು ಕಡಿದು ಬಂಡಿಗೆ ಹೇರಿಕೊಂಡು ಅಧ್ಯಕ್ಷರ ಚಪ್ಪರಕ್ಕೆ ಹೋದೆವು. ಎತ್ತು ಕಟ್ಟಿ ಗಾಣ ಹೂಡುವ ಹೊತ್ತಿಗೆ ಭೀಮಮ್ಮ ಬಂದಳು. ಎರಡು ಕೈ ತುಂಬ ಹಸಿರು ಬಳೆ, ಹಣೆಯ ಮೇಲೆ ಕಾಸಗಲದ ಕುಂಕುಮ. ಅಲ್ಲಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡರು. ಬಳೆಗಾರ ತೊಡಿಸಲಾರೆನೆಂದು ಕೈ ಹಿಂದೆಗೆದನಂತೆ, ನಾನು ಅವಳಿಗೆ ಬರೆದುಕೊಟ್ಟಿದ್ದ ಠರಾವಿನ ನಕಲನ್ನು ಅವನಿಗೆ ತೋರಿಸಿ ಅವಳು ಕೈ ಚಾಚಿದಳಂತೆ. ವಿರೂಪಾಕ್ಷಪ್ಪನವರು ಮಂಚದಿಂದ ಎದ್ದು ನಿಂತು, "ಏನ ಇದು ಭೀಮವ್ವಾ, ಮುಂಡೆಯಾದಾಕಿ, ಜನ ಏನಂದಾರು?" ಎಂದರು. ಅವಳು ಕಬ್ಬಿನ ಜಲ್ಲೆಯನ್ನು ಗಾಣದ ಬಾಯಿಗೆ ಕೊಡುತ್ತಲೇ ಹೇಳಿದಳು: "ನಿಮ್ಮ ಪುಸ್ತಕದಾಗ ನನ ಗಂಡ ಬದುಕ್ಯಾನ್ರೀ ಸಾವ್ಕಾರ್ರ. ಪುಸ್ತಕ ಸುಳ್ಳು ಅಂತ ಎಲ್ಲಾರ ಮುಂದ ಒಂದ್ ಮಾತು ಹೇಳ್ರಿ, ಈಗ ಇಲ್ಲೇ ಒಡಕೊಂತೀನಿ."

ಅವರು ಹೇಳಲಿಲ್ಲ. ಗಾಣ ತಿರುಗಿತು, ಬಳೆಯ ಸದ್ದು ಸಂಜೆಯವರೆಗೆ ಕೇಳುತ್ತಲೇ ಇತ್ತು. ಅಧ್ಯಕ್ಷರು ಮನೆಗೆ ಹೋಗುವುದಕ್ಕೂ ಆಗದೆ ಕೂರುವುದಕ್ಕೂ ಆಗದೆ ಕೊಪ್ಪರಿಗೆಯ ಕಡೆಗೇ ನೋಡುತ್ತಿದ್ದರು. ಕಬ್ಬು ತಡವಾಗಿದ್ದರಿಂದ ಬೆಲ್ಲ ಸ್ವಲ್ಪ ಮೆತ್ತಗೆ ಬಂತು, ಬಣ್ಣವೂ ಕಪ್ಪು. ಭೀಮಮ್ಮ ಮೊದಲ ಅಚ್ಚಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು, ಆಮೇಲೆ ಬದುವಿನ ಮೇಲೆ ಕೂತು, ಬಳೆ ತೊಟ್ಟ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾವು ಯಾರೂ ಹತ್ತಿರ ಹೋಗಲಿಲ್ಲ.

ತಮ್ಮನ್ನು ಐದು ತಿಂಗಳು ಬೇರೆಯವರಲ್ಲಿ ಹುಡುಕಿದ,
ತಮ್ಮ ಇಪ್ಪತ್ತೊಂದರಲ್ಲಿ ಒಂದು ಪಾಲಾದ,
ತಮ್ಮ ವಿಶ್ವಾಸಿ,
ಜಡೆಪ್ಪ
ಷೇರು ನಂಬರು ಮೂವತ್ತನಾಲ್ಕು

ತಾ.ಕ.: ವಿಚಾರಣೆ ಮುಗಿಯುವುದರೊಳಗೆ ಅಧ್ಯಕ್ಷರ ಆಯ್ಕೆಯನ್ನಾದರೂ ಹೊಸದಾಗಿ ಮಾಡಿರೆಂದು ಬಳ್ಳಾರಿಯಿಂದ ಕಾಗದ ಬಂದಿದ್ದು, ಯುಗಾದಿ ಕಳೆದ ಎಂಟನೇ ದಿನಕ್ಕೆ ಸಭೆ ಗೊತ್ತಾಗಿದೆ. ಆ ಸ್ಥಾನಕ್ಕೆ ಹತ್ತೊಂಬತ್ತನೇ ನಂಬರಿನ ಸದಸ್ಯರಾದ ಶ್ರೀ ಮೂಕಪ್ಪನವರ ಹೆಸರನ್ನು ನಾನು ಸೂಚಿಸಿದ್ದೇನೆ, ಮೈಲಾರಲಿಂಗಪ್ಪ ಅನುಮೋದಿಸಿದ್ದಾನೆ. ವಿರೂಪಾಕ್ಷಪ್ಪನವರು ಇದಕ್ಕೆ ಆಕ್ಷೇಪಿಸುವುದಾದರೆ "ಮೂಕಪ್ಪ ಸತ್ತಿದ್ದಾನೆ" ಎಂದು ಸ್ವಹಸ್ತದಿಂದ ಬರೆದು ರುಜು ಹಾಕಿ ಕೊಡಬೇಕು, ಅದನ್ನು ಕೊಟ್ಟರೆ ಆ ಸಭೆಯಲ್ಲೇ ಷೇರು ಭೀಮಮ್ಮನ ಹೆಸರಿಗೆ ಬರುತ್ತದೆ ಎಂದು ಇನ್‌ಸ್ಪೆಕ್ಟರರು ತಿಳಿಸಿದ್ದಾರೆ. ಅಧ್ಯಕ್ಷರಿಗೆ ತೊಂದರೆಯಾಗಬಾರದೆಂದು ಕಾಗದ, ಮಸಿ, ಲೇಖನಿ ಮೂರನ್ನೂ ನಿನ್ನೆಯೇ ಅವರ ಗಿರಣಿಗೆ ತಲುಪಿಸಿದ್ದೇನೆ.